ಎರಡು ಹಗ್ಗ ಹಿಡಿದ ಕೈ

ಭಾವನ ಬಲಗೈಯ ತೋರುಬೆರಳು ನಡುವಿನ ಗೆಣ್ಣಿನಿಂದ ಹೊರಕ್ಕೆ ಬಾಗಿತ್ತು. ಹೋರಿಯೊಂದು ಹಗ್ಗ ಜಗ್ಗಿಕೊಂಡು ಓಡಿದಾಗ ಮುರಿದ ಬೆರಳು, ಕಟ್ಟಿಸಿಕೊಳ್ಳದೆ ಹಾಗೆಯೇ ಕೂಡಿಕೊಂಡಿತ್ತು. ಚಹಾದ ಕಪ್ಪು ಹಿಡಿದರೆ ಅದೊಂದೇ ಬೆರಳು ಬೇರೆ ಯಾರನ್ನೋ ತೋರಿಸುತ್ತಿತ್ತು. "ಸೊಟ್ಟ ಬೆರಳಿಗೆ ಸುಳ್ಳು ಹೇಳಾಕ ಬರಂಗಿಲ್ಲ" ಎನ್ನುತ್ತಿದ್ದರು. ಸಿಂಧನೂರಿನ ದನದ ಸಂತೆಯಲ್ಲಿ ಅವರು ದಲ್ಲಾಳಿ. ಅಲ್ಲಿ ಎತ್ತಿನ ಬೆಲೆಯನ್ನು ಬಾಯಿಬಿಟ್ಟು ಹೇಳುವುದಿಲ್ಲ. ಟವೆಲ್ಲಿನ ಕೆಳಗೆ ಕೈಗೆ ಕೈ ಕೊಟ್ಟು, ಬೆರಳು ಹಿಡಿದು ತಿಳಿಸುತ್ತಾರೆ.

ಮೊಮ್ಮಕ್ಕಳೇ, ಅವರು ನಿಮ್ಮ ಅಜ್ಜನ ಅಣ್ಣ. ತಮ್ಮನ ಹೆಂಡತಿ ಭಾವನ ಎದುರು ನಿಂತು ಮಾತಾಡುವ ರೂಢಿ ನಮ್ಮಲ್ಲಿ ಇರಲಿಲ್ಲ. ನಾನು ಬಾಗಿಲ ಹಿಂದಿನಿಂದ ಯಾರದಾದರೂ ಕೈಲಿ ಹೇಳಿಸುತ್ತಿದ್ದೆ. ಯಾರೂ ಇಲ್ಲದಿದ್ದರೆ ಅವರು ಗೋಡೆಗೆ ಹೇಳುತ್ತಿದ್ದರು. "ಚಾ ಕೊಟ್ರ ಕುಡೀತೀನಂತ ಒಳಗ ಹೇಳಪಾ ಗ್ವಾಡಿ." ನಾನು ಒಳಗೆ ಸೆರಗು ಬಾಯಿಗಿಟ್ಟು ನಗುತ್ತಿದ್ದೆ.

ಅಜ್ಜ ಹೋದ ಮೇಲೆ ನಮ್ಮ ಸಿಂಧನೂರಿನ ಮನೆಯ ಮುಂದಿನ ಕೋಣೆಯನ್ನು ಬಾಡಿಗೆಗೆ ಕೊಟ್ಟೆ. ಒಬ್ಬ ಹುಡುಗಿ ಅಲ್ಲಿ ಕಂಪ್ಯೂಟರ್ ಇಟ್ಟು ಜನರ ಅರ್ಜಿ ತುಂಬಿಕೊಡುತ್ತಿದ್ದಳು. ಭಾವ ದಿನಾ ತುರ್ವಿಹಾಳದಿಂದ ಬಸ್ಸಿಗೆ ಬಂದು ನಮ್ಮ ಕಟ್ಟೆಯ ಮೇಲೆ ಕೂಡುತ್ತಿದ್ದರು. ಈ ಮನೆಗೂ ಒಬ್ಬ ಗಂಡಸು ಇದ್ದಾನೆಂದು ಓಣಿಗೆ ಗೊತ್ತಾಗಲಿ ಎಂದು ಬರುತ್ತಿದ್ದರು. ಹಾಗೆಂದು ಅವರು ಎಂದೂ ಹೇಳಲಿಲ್ಲ.

ಆ ಕೋಣೆಗೆ ಆಟದ ಹುಚ್ಚಿನವರೂ ಬರುತ್ತಿದ್ದರು. ಕಂಪ್ಯೂಟರಿನ ಆಟಗಳನ್ನು ಆನ್‌ಲೈನಿನಲ್ಲಿ ಮಾರುತ್ತಾರಂತೆ. ಸೇಲ್ ಬಂದಾಗ ಬೆಲೆ ಕಾಲು ಭಾಗಕ್ಕೆ ಇಳಿಯುತ್ತದೆ. ಸುಗ್ಗಿಯಲ್ಲಿ ಜೋಳ ಕೂಡಿಟ್ಟ ಹಾಗೆ ಇವರು ಆಗ ಎರಡು ಮೂರು ಹೆಚ್ಚಿಗೆ ಕೊಂಡಿಡುತ್ತಿದ್ದರು. ಆಮೇಲೆ ಯಾರಿಗಾದರೂ ಉಡುಗೊರೆ ಕೊಡುವುದು, ಇಲ್ಲವೆ ಒಬ್ಬರಿಗೊಬ್ಬರು ಬದಲಿ ಮಾಡಿಕೊಳ್ಳುವುದು. ಆಟವೆಂದರೆ ಕೈಗೆ ಸಿಗುವ ವಸ್ತುವಲ್ಲ. ಇಂಗ್ಲಿಷ್ ಅಕ್ಷರ, ಅಂಕಿ ಬೆರೆಸಿದ ಒಂದು ಉದ್ದನೆಯ ನಂಬರು. ಅದನ್ನು ಮೊದಲು ಯಾರು ಒತ್ತುತ್ತಾರೋ ಆಟ ಅವರದು. ಆಮೇಲೆ ಆ ನಂಬರು ಬರೀ ಹೊಟ್ಟು.

ಅದಕ್ಕೇ ಜಗಳ. "ನೀ ಮೊದಲ ಕೊಡು", "ನೀನ ಮೊದಲ ಕೊಡು". ಒಂದು ದಿನ ಇಬ್ಬರು ಕೊರಳಪಟ್ಟಿ ಹಿಡಿಯುವವರೆಗೂ ಬಂದರು. ಭಾವ ಕಟ್ಟೆಯಿಂದಲೇ ಅಂದರು: "ಎತ್ತು ಬದಲಿ ಮಾಡೂಮುಂದ ಎರಡೂ ಹಗ್ಗ ದಲ್ಲಾಳಿ ಕೈಯಾಗ ಇರತಾವ. ಆಂವ ಒಮ್ಮಿಗೇ ಬಿಡತಾನ. ಚೀಟಿ ಮ್ಯಾಲ ಬರದು ನನ್ನ ಕೈಗೆ ಕೊಡ್ರಿ."

ಅಂದಿನಿಂದ ಅದೇ ಪದ್ಧತಿಯಾಯಿತು. ಲಿಂಗಸುಗೂರು, ಮಸ್ಕಿ, ಜವಳಗೇರಾಗಳಿಂದಲೂ ಬರತೊಡಗಿದರು. ಭಾವ ಎರಡು ಚೀಟಿ ಟವೆಲ್ಲಿನ ಕೆಳಗೆ ಹಿಡಿದು, ಕೈ ಅಡ್ಡ ಮಾಡಿ, ಇವನದು ಅವನಿಗೆ, ಅವನದು ಇವನಿಗೆ ಒಮ್ಮೆಗೇ ಕೊಡುತ್ತಿದ್ದರು. ದಲ್ಲಾಳಿತನದ ಕೂಲಿಯೆಂದು ಒಂದು ಕಪ್ ಚಹಾ. ಅವರನ್ನು ಎಲ್ಲರೂ ನಂಬಿದ್ದಕ್ಕೆ ಕಾರಣ ಒಂದೇ, ಅವರಿಗೆ ಓದಲು ಬರುತ್ತಿರಲಿಲ್ಲ. "ಅಕ್ಷರ ಬರದಿದ್ದದ್ದ ನನ್ನ ಬಂಡವಾಳ" ಎಂದು ನಗುತ್ತಿದ್ದರು.

ಒಮ್ಮೆ ಜವಳಗೇರಾದ ಟ್ರ್ಯಾಕ್ಟರ್ ಮೆಕ್ಯಾನಿಕ್ ತನ್ನ ಫುಟ್‌ಬಾಲ್ ಆಟದ ಚೀಟಿ ತಂದ. ಅದಕ್ಕೆ ಬದಲಾಗಿ ಲಾರಿ ಓಡಿಸುವ ಆಟ ಕೊಡಬೇಕಾದವನು ಮಸ್ಕಿಯ ಔಷಧಿ ಅಂಗಡಿಯವನು. ಅವನು ನಾಳೆ ಬರುತ್ತೇನೆಂದು ಫೋನ್ ಮಾಡಿದ. ಮೆಕ್ಯಾನಿಕ್ ಚೀಟಿ ಬಿಟ್ಟು ಹೋದ. ಕಿಸೆಯಲ್ಲಿಟ್ಟರೆ ಬೆವರಿಗೆ ಅಳಿಸುತ್ತದೆಂದು ಭಾವ ಅದನ್ನು ಹೊಸ್ತಿಲ ಮೇಲಿಟ್ಟು, "ದೇವರ ಗೂಡಿನಾಗ ಇಡಾಕ ಹೇಳಪಾ" ಎಂದು ಗೋಡೆಗೆ ಹೇಳಿದರು. ನಾನು ತೆಗೆದುಕೊಂಡು ದೇವರ ಗೂಡಿನಲ್ಲಿಟ್ಟೆ.

ಸಂಜೆ ನಿಮ್ಮಲ್ಲೇ ಒಬ್ಬರು ಲಿಂಗಸುಗೂರಿನಿಂದ ಫೋನ್ ಮಾಡಿದಿರಿ. ಯಾರೆಂದು ಬರೆಯುವುದಿಲ್ಲ. ಮಾತಿಗೆ ಮಾತು ಬಂದು ಚೀಟಿಯ ಸುದ್ದಿ ಹೇಳಿದೆ.

"ಏನು ಬರದಾರಜ್ಜಿ ಅದರಾಗ?"

"ಇಂಗ್ಲಿಷ್ ಐತಿ."

"ಹಂಗಾರ ಬಿಡು, ನಿನಗ ಓದಾಕ ಬರಂಗಿಲ್ಲ."

ನಾನು ಹಳ್ಳಿಯ ಶಾಲೆಯಲ್ಲಿ ನಾಲ್ಕನೆಯ ಇಯತ್ತೆ ಓದಿದವಳು. ಇಂಗ್ಲಿಷ್ ಅಕ್ಷರಗಳನ್ನು ನಿಮ್ಮ ಪಾಟಿ ನೋಡಿ ನೋಡಿ ಕಲಿತಿದ್ದೆ. ಯಾರಿಗೂ ಹೇಳಿರಲಿಲ್ಲ, ಯಾರೂ ಕೇಳಿರಲೂ ಇಲ್ಲ. ಚೀಟಿ ತೆಗೆದು ದೀಪದ ಬೆಳಕಿಗೆ ಹಿಡಿದು ಒಂದೊಂದೇ ಅಕ್ಷರ ಓದಿದೆ. ಒಂದೂ ತಪ್ಪಲಿಲ್ಲ. "ಶಾಬಾಸ್ ಅಜ್ಜಿ" ಎಂದಿರಿ. ನನ್ನ ಎದೆ ಉಬ್ಬಿತು.

ಮರುದಿನ ಇಬ್ಬರೂ ಬಂದರು. ಭಾವ ಚೀಟಿ ಅಡ್ಡ ಮಾಡಿ ಕೊಟ್ಟರು. ಮೆಕ್ಯಾನಿಕ್‌ನ ಲಾರಿ ಆಟ ತೆರೆಯಿತು. ಮಸ್ಕಿಯವನು ತನ್ನ ಕೈಗೆ ಬಂದ ನಂಬರು ಒತ್ತಿದ. ಮತ್ತೆ ಒತ್ತಿದ. ಬಾಡಿಗೆಯ ಹುಡುಗಿ ಬಗ್ಗಿ ನೋಡಿ, ಇದನ್ನು ನಿನ್ನೆಯೇ ಯಾರೋ ಬಳಸಿದ್ದಾರೆ ಎಂದಳು.

ಬಾಗಿಲ ಹಿಂದೆ ನನ್ನ ಕೈಯಲ್ಲಿ ಚಹಾದ ತಟ್ಟೆ ಇತ್ತು. ಅದನ್ನು ನೆಲಕ್ಕಿಟ್ಟೆ.

ತಾನು ಬಳಸಿಲ್ಲವೆಂದು ಮೆಕ್ಯಾನಿಕ್ ತನ್ನ ತಾಯಿಯ ಮೇಲೆ ಆಣೆ ಮಾಡಿದ. ಮಸ್ಕಿಯವನಿಗೆ ಅಂದೇ ಅಕ್ಕನ ಮಗನ ಹುಟ್ಟಿದ ದಿನ, ಆ ಆಟ ಉಡುಗೊರೆಗೆಂದು ಬೇಕಾಗಿತ್ತು. ಕಂಪನಿಗೆ ಬರೆದು ಕೇಳಿದರೆ ಬಳಸಿದವರ ಹೆಸರು ಸಿಕ್ಕೀತು, ಪೊಲೀಸರಿಗೇ ಕೊಡುತ್ತೇನೆ ಎಂದ. ಹೇಳಿದರೆ ನನ್ನ ಮೊಮ್ಮಗು ಕಳ್ಳರ ಸಾಲಿಗೆ. ಹೇಳದಿದ್ದರೆ ಭಾವನ ಮಾತು ಮಣ್ಣಿಗೆ.

"ಮಾವಾ, ರಾತ್ರಿ ಚೀಟಿ ಎಲ್ಲಿತ್ತು?" ಎಂದು ಮಸ್ಕಿಯವನು ಕೇಳಿದ.

ಭಾವ ಒಮ್ಮೆ ಬಾಗಿಲ ಕಡೆ ನೋಡಿದರು. ನಾನು ಹೊಸ್ತಿಲಿಗೆ ಬಂದೆ. ಬಾಯಿ ತೆರೆದೆ. ಅವರು ಕೈ ಎತ್ತಿ ತಡೆದರು.

"ನನ್ನ ಕಿಸೇದಾಗ. ಚಾ ಅಂಗಡ್ಯಾಗ ಒಬ್ಬಾಂವನ ಕೈಲೆ ಓದಿಸಿದ್ನಿ. ಏನು ಬರದಾರ ತಿಳ್ಕೊಬೇಕು ಅನಿಸ್ತು. ತಪ್ಪು ನಂದು."

"ದಲ್ಲಾಳಿ ಬುದ್ಧಿ ಎಲ್ಲಿ ಹೋದೀತು" ಎಂದ ಮಸ್ಕಿಯವನು.

ಅದೇ ಆಟವನ್ನು ಭಾವ ಪೂರಾ ಬೆಲೆಗೆ ಹುಡುಗಿಯ ಕೈಲಿ ತೆಗೆಸಿಕೊಟ್ಟರು. ಹೋಗುವಾಗ ಅವನು ತಿರುಗಿ ಹೇಳಿದ: "ಆಟ ಬಂತು. ಮಾತು ತಿರುಗಿ ಬರತೈತೇನು ಮಾವಾ?"

ನಾನು ಅಲ್ಲಿಯೇ ನಿಂತಿದ್ದೆ. ಆಗಲೂ ಹೇಳಬಹುದಿತ್ತು. ಹೇಳಲಿಲ್ಲ. ನಾಚಿಕೆ ಎಂದು ಆಮೇಲೆ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅದು ನಾಚಿಕೆಯಲ್ಲ, ಅಂಜಿಕೆ.

ಅಂದು ಲಿಂಗಸುಗೂರಿಗೆ ಫೋನ್ ಮಾಡಿದೆ. ಬೈಯಲು ಬಾಯಿ ಬರಲಿಲ್ಲ. ಹೊಸ ಆಟ ಚೆನ್ನಾಗಿದೆಯೇ ಎಂದು ಕೇಳಿದೆ. ಆ ಕಡೆಯ ದನಿ "ಹೂಂ ಅಜ್ಜಿ" ಎಂದಿತು.

ಆಮೇಲೆ ಯಾರೂ ಭಾವನ ಕೈಗೆ ಚೀಟಿ ಕೊಡಲಿಲ್ಲ. ಆಟದವರು ಅವರ ಮುಂದೆಯೇ ಹಾದು ಒಳಗೆ ಹೋಗುತ್ತಿದ್ದರು. ಆದರೂ ಅವರು ಬರುವುದು ಬಿಡಲಿಲ್ಲ. ನಾಲ್ಕು ದಿನ ಗೋಡೆಯ ಜೊತೆಗೂ ಮಾತಿಲ್ಲ. ಐದನೆಯ ದಿನ ರಕ್ತದೊತ್ತಡದ ಗುಳಿಗೆಯ ಹಾಳೆಯನ್ನು ಹೊಸ್ತಿಲ ಮೇಲಿಟ್ಟು, "ಯವ್ವಾ, ಓದಾಕ ಬರತೈತಂತ ಮೊದಲ ಹೇಳಬಾರದೇನು? ಮುಂಜಾನೀದು ಯಾವುದು, ಸಂಜೀದು ಯಾವುದು ನೋಡು" ಎಂದರು. ಗೋಡೆಗಲ್ಲ, ನನಗೇ ಹೇಳಿದರು. ಅಂದಿನಿಂದ ಅವರ ಗುಳಿಗೆ ಓದುವ ಕೆಲಸ ನನ್ನದಾಯಿತು. ಆ ಚೀಟಿಯ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಈ ವರ್ಷ ಭತ್ತದ ನಾಟಿಯ ಹೊತ್ತಿಗೆ ಭಾವ ತುರ್ವಿಹಾಳದಲ್ಲಿ ತೀರಿಕೊಂಡರು. ಮಣ್ಣು ಮಾಡುವ ಹೊತ್ತಿಗೆ ಮಸ್ಕಿಯವನೂ ಬಂದಿದ್ದ. ಹೂವಿನ ಹಾರ ಹಾಕಿ ದೂರ ನಿಂತಿದ್ದ. ನಾನು ಹೆಂಗಸರ ನಡುವಿನಿಂದ ಎದ್ದು ಅವನ ಹತ್ತಿರ ಹೋಗಿ, ಆ ಚೀಟಿ ಓದಿದವಳು ನಾನು, ಅವರಲ್ಲ ಎಂದೆ.

ಅವನು ನನ್ನ ಮುಖವನ್ನೇ ನೋಡಿದ. "ಈಗ ಹೇಳಿದ್ರ ಯಾರಿಗೆ ಮುಟ್ಟತೈತಿ ಅಜ್ಜಿ? ಕಟ್ಟಿ ಮ್ಯಾಲ ಒಬ್ಬರೇ ಕುಂತಿರತಿದ್ರಲ್ಲ, ಆವಾಗ ಹೇಳಬೇಕಿತ್ತು." ಅವನ ಕಣ್ಣು ತುಂಬಿತ್ತು. ಯಾರು ಬಳಸಿದರು ಎಂದು ಅವನು ಕೇಳಲಿಲ್ಲ. ನಾನೂ ಹೇಳಲಿಲ್ಲ.

ಅದು ನಾನು ಹೇಳಬೇಕಾದ ಮಾತಲ್ಲ. ಅವನ ಅಂಗಡಿ ಮಸ್ಕಿಯ ಬಸ್ ನಿಲ್ದಾಣದ ಎದುರಿಗಿದೆ. ಇದನ್ನು ಓದುವಾಗ ನಿಮ್ಮಲ್ಲಿ ಆ ಒಬ್ಬರಿಗೆ ಅದು ಯಾರು ಹೇಳಬೇಕಾದ ಮಾತೆಂದು ಗೊತ್ತಾಗುತ್ತದೆ. ಲಿಂಗಸುಗೂರಿನಿಂದ ಸಿಂಧನೂರಿಗೆ ಬರುವ ಬಸ್ಸು ಅಲ್ಲಿ ನಿಲ್ಲುತ್ತದೆ. ಇಳಿ. ಅವನು ಇನ್ನೂ ಇದ್ದಾನೆ.