ಸಾರಿಸಿದ ನೆಲ ಖಾಲಿ ಇರಬಾರದು

ಪೂರ್ವ ಇನ್ನೂ ಕೆಂಪಾಗಿಲ್ಲ. ಸಿಂದಗಿಯ ಕ್ರಿಕೆಟ್ ಮೈದಾನದ ನಡುವೆ ಸಿದ್ದವ್ವ ಮೊಣಕಾಲೂರಿ ಕುಳಿತಿದ್ದಾರೆ. ಬಲಕ್ಕೆ ಸಗಣಿ ಕಲಸಿದ ಬಕೀಟು, ಎಡಕ್ಕೆ ನೀರಿನ ಕೊಡ. ಅಂಗೈ ಅಗಲಿಸಿ ನೆಲದ ಮೇಲೆ ಒಂದು ಕಮಾನು ಎಳೆಯುತ್ತಾರೆ, ಅದರ ಅಂಚು ಮುಟ್ಟುವಂತೆ ಇನ್ನೊಂದು. ಸಾರಿಸುತ್ತ ಹಿಂದಕ್ಕೆ ಸರಿಯುತ್ತಾರೆ. ಸಾರಿಸಿದ ಜಾಗದಲ್ಲಿ ಅವರ ಹೆಜ್ಜೆ ಬೀಳುವುದಿಲ್ಲ.

ಇಪ್ಪತ್ತೆರಡು ಗಜ ಉದ್ದ, ಮೂರು ಗಜ ಅಗಲ. ನಾಲ್ಕು ಬುಟ್ಟಿ ಸಗಣಿ, ಒಂದು ಬುಟ್ಟಿ ಎರೆಮಣ್ಣು, ಒಂಬತ್ತು ಕೊಡ ನೀರು. ಬಾವಿಗೂ ಇಲ್ಲಿಗೂ ಮುನ್ನೂರು ಹೆಜ್ಜೆ. ಪಂದ್ಯವಿರುವ ಪ್ರತಿ ಐತವಾರ, ದೀಪಾವಳಿಯಿಂದ ಯುಗಾದಿಯವರೆಗೆ, ಎಂಟು ವರ್ಷಗಳಿಂದ ಇದೇ ಲೆಕ್ಕ.

"ಮನಿ ಸಾರಸೂದು ಬ್ಯಾರೆ, ಇದು ಬ್ಯಾರೆ ರಿ ಬಾಯಾರ," ಎನ್ನುತ್ತಾರೆ, ನೋಡಲು ಬಂದ ನನಗೆ, ತಲೆ ಎತ್ತದೆ. "ಮನಿಯಾಗ ನೆಲ ಉಬ್ಬಿದ್ರ ಕುಂತವ್ರು ಸುಮ್ಮನಿರ್ತಾರ. ಇಲ್ಲಿ ಜ್ವಾಳದ ಕಾಳಿನಷ್ಟು ಉಬ್ಬಿದ್ರೂ ಚೆಂಡು ಮಾರಿಗಿ ಬರ್ತೈತಿ. ಪೆಟ್ಟು ಅವ್ರಿಗಿ, ಬೈಗಳಾ ನನಗ."

ಒಂಬತ್ತು ಗಂಟೆಗೆ ಮುದ್ದೇಬಿಹಾಳದವರೊಂದಿಗೆ ಪಂದ್ಯ. ಸಾರಿಸಿದ ಮೇಲೆ ಎರಡೂ ತುದಿಗೆ ಬಿಳಿಯ ಗೆರೆ ಹಾಕುವುದೂ ಸಿದ್ದವ್ವನ ಕೆಲಸವೇ. ಇಂದು ಮಾತ್ರ ಅದು ಇಲ್ಲ. ಸಾರಿಸಿ ಮನೆಗೆ ಹೋಗು, ಗೆರೆ ನಾವೇ ಹಾಕುತ್ತೇವೆ ಎಂದು ಸಂಘದ ಕಾರ್ಯದರ್ಶಿ ಪರಮಾನಂದ ನಿನ್ನೆ ಹೇಳಿಹೋಗಿದ್ದಾರೆ. ಬೀಜದ ಅಂಗಡಿಯ ಪರಮಾನಂದ ಒರಟು ಮನುಷ್ಯರಲ್ಲ. ಹೇಳುವಾಗ ಅವರ ಕಣ್ಣು ನೆಲ ನೋಡುತ್ತಿತ್ತಂತೆ.

ಕಾರಣ ಊರಿಗೆಲ್ಲ ಗೊತ್ತು. ಕಳೆದ ಶ್ರಾವಣದಲ್ಲಿ ಮೂರು ದಿನದ ಜ್ವರದಲ್ಲಿ ಸಿದ್ದವ್ವನ ಗಂಡ ಚಂದಪ್ಪ ತೀರಿಕೊಂಡರು. ಆಮೇಲೆ ಸಿಂದಗಿ ಎರಡು ಪಂದ್ಯ ಆಡಿ ಎರಡನ್ನೂ ಸೋತಿತು, ಒಂದು ಇಂಡಿ ಊರಿನವರಿಗೆ, ಒಂದು ಬಸವನ ಬಾಗೇವಾಡಿಯವರಿಗೆ. ಗಂಡ ಸತ್ತವಳ ಕೈಯ ಗೆರೆ ಏಳಿಗೆ ತರುವುದಿಲ್ಲವೆಂದು ಸಂಘದಲ್ಲಿ ಯಾರೋ ಅಂದರು. ಯಾರೆಂದು ಸಿದ್ದವ್ವ ಕೇಳಿಲ್ಲ.

ಈ ಮೈದಾನದ ಚರಿತ್ರೆ ಎಲ್ಲಿಯೂ ಬರೆದಿಟ್ಟಿಲ್ಲ. ಕೇಳಿದರೆ ಸಿದ್ದವ್ವ ಹೇಳುತ್ತಾರೆ. ಮೊದಲು ಇದು ಸುತ್ತಲಿನ ಹೊಲದವರು ಜೋಳದ ರಾಶಿ ಮಾಡುತ್ತಿದ್ದ ಕಣಗಳ ಬಯಲು. ಹನ್ನೆರಡು ವರ್ಷದ ಹಿಂದೆ, ಮುಂಬಯಿ ಸರ್ಕಾರದ ಕಾಲದಲ್ಲಿ, ತಾಲ್ಲೂಕಿಗೆ ಕ್ರಿಕೆಟ್ ಹುಚ್ಚಿನ ಮಾಮಲೇದಾರರೊಬ್ಬರು ಬಂದರು. ಕಲ್ಲು ಆರಿಸಲು ಹತ್ತಾಳು ಹಚ್ಚಿದರು. ಆ ಹತ್ತರಲ್ಲಿ ಚಂದಪ್ಪ ಒಬ್ಬರು. ಉಳಿದ ಒಂಬತ್ತು ಜನ ಕೆಲಸ ಮುಗಿಸಿ ಹೋದರು, ಚಂದಪ್ಪ ಹೋಗಲಿಲ್ಲ. ಹತ್ತಿ ಗಿರಣಿಯವರು ಬಿಸಾಡಿದ ತಗಡುಗಳಿಂದ ಆಟಗಾರರಿಗೆ ನೆರಳು ಮಾಡಿದರು. ರಾಶಿ ತುಳಿಸುವ ಕಲ್ಲನ್ನು ಎಳೆದು ನೆಲ ಸಮ ಮಾಡಿದರು. ಬೇವಿನ ಗಿಡದಲ್ಲಿ ಚೆಂಡು ಸಿಕ್ಕಿಕೊಂಡರೆ ನಾಲ್ಕು ರನ್ನು ಎಂಬ ಕಾನೂನೂ ಅವರದೇ.

ಆಟಕ್ಕೆ ಹಾಸಲು ಆಗ ನಾರಿನ ಚಾಪೆಯಿತ್ತು. ನಾಲ್ಕನೆಯ ವರ್ಷ ಗೆದ್ದಲು ಅದನ್ನು ತಿಂದು ಮುಗಿಸಿತು. ಹೊಸದು ಬರಲಿಲ್ಲ. ಮಾಮಲೇದಾರರಿಗೂ ವರ್ಗವಾಗಿತ್ತು. ರಾಶಿಯ ಕಣ ಸಾರಿಸಿದ ಹಾಗೆ ಸಾರಿಸಿದರಾಯಿತು ಎಂದು ಚಂದಪ್ಪ ಹೆಂಡತಿಯನ್ನು ಕರೆತಂದರು.

ಮೊದಲ ದಿನ ಸಿದ್ದವ್ವ ಸಾರಿಸಿ, ನಟ್ಟ ನಡುವೆ ಎಂಟೆಸಳಿನ ಹೂವಿನ ರಂಗೋಲಿ ಬಿಡಿಸಿಟ್ಟು ಹೋಗಿದ್ದರು. ಆಡಲು ಬಂದವರು ಅದನ್ನು ತುಳಿಯಲಾರದೆ ಅರ್ಧ ಗಂಟೆ ನಿಂತರಂತೆ.

"ಮತ್ತೇನ್ ಮಾಡ್ಲಿ ರಿ? ಸಾರಿಸಿದ ನೆಲ ಖಾಲಿ ಬಿಡಬಾರದು. ಮನಿಯಾಗ ಹೆಣಾ ಎತ್ತಿದ ದಿನ ಅಷ್ಟ ಖಾಲಿ ಬಿಡೂದು." ಸಿದ್ದವ್ವ ನಗುತ್ತಾರೆ. "ನಮ್ಮನಿಯವ್ರು ಓಡಿ ಬಂದು, ಯವ್ವಾ ಮಾರಾಯ್ತಿ, ಹೂ ಬ್ಯಾಡ, ಗೆರಿ ಹಾಕು, ಆಡಾವ್ರಿಗಿ ಗೆರಿನೂ ಬೇಕಾಗೈತಿ ಅಂದ್ರು."

ಅಂದಿನಿಂದ ರಂಗೋಲಿ ಪುಡಿಯದೇ ಗೆರೆ. ಅಳತೆಗೆ ಒಂದು ಹಗ್ಗ. ಎಲ್ಲಿ ಗೆರೆ ಬೀಳಬೇಕೋ ಅಲ್ಲಿ ಚಂದಪ್ಪ ಹಾಕಿದ ಗಂಟುಗಳಿವೆ. ಒಂದು ತುದಿ ಅವರು ಹಿಡಿಯುತ್ತಿದ್ದರು, ಇನ್ನೊಂದನ್ನು ಇವರು. ಈ ಸಲದ ದೀಪಾವಳಿಯಿಂದ ಅವರ ತುದಿಯ ಮೇಲೆ ಒಂದು ಕಲ್ಲಿರುತ್ತದೆ.

ಬಿಸಿಲು ಬಂತು. ಸಿದ್ದವ್ವ ಕೈ ತೊಳೆದುಕೊಂಡು ಬೇವಿನ ಗಿಡದ ಕೆಳಗೆ ಕುಳಿತಿದ್ದಾರೆ. ಮನೆಗೆ ಹೋಗಿಲ್ಲ. ಮೈದಾನದ ನಡುವೆ ಪರಮಾನಂದ ಸುಣ್ಣದ ನೀರು, ಕುಂಚ ಹಿಡಿದು ಗೆರೆ ಹಾಕಲು ಬಗ್ಗಿದ್ದಾರೆ.

"ಈಗ ಬ್ಯಾಡಾಗಿತ್ತು," ಎಂದು ಸಿದ್ದವ್ವ ಮೆಲ್ಲಗೆ ಹೇಳುತ್ತಾರೆ. "ನೆಲ ಹಸಿ ಐತಿ."

ಸುಣ್ಣ ಹಸಿ ಸಗಣಿಗೆ ಇಳಿದು ಹಳದಿಯಾಗಿ ಹರಡಿತು. ಮುದ್ದೇಬಿಹಾಳದ ನಾಯಕ, ಶಾಲಾ ಮಾಸ್ತರ ಇಬ್ರಾಹಿಂಸಾಬರು ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತರು.

"ಏನ್ರಿ ಪರಮಾನಂದ, ಇದು ಗೆರಿ ಏನು? ಎತ್ತು ಉಚ್ಚಿ ಹೊಯ್ಕೊಂತ ಹ್ವಾದಂಗ ಐತಲ್ಲ!"

"ಬಿಸಲಿಗಿ ಒಣಗ್ತೈತಿ ತಗೋರಿ."

"ಒಣಗಿದ್ರ? ನನ್ನ ಕಾಲು ದಾಟಿತೋ ಇಲ್ಲೋ, ನಿಮ್ಮ ಅಂಪೈರ್ ಏನ್ ನೋಡಿ ಹೇಳ್ತಾನ? ಸಿದ್ದವ್ವಕ್ಕ ಎಲ್ಲಿ?"

"ಚಂದಪ್ಪ ತೀರಿಕೊಂಡಾನ್ರಿ."

"ಅದು ಗೊತ್ತೈತಿ. ನಾ ಕೇಳಿದ್ದು ಅಕ್ಕ ಎಲ್ಲಿ ಅಂತ."

ಪರಮಾನಂದ ಕುಂಚ ಕೆಳಗಿಟ್ಟರು. ಬೇವಿನ ಗಿಡದ ಕಡೆ ತಿರುಗಿ ಕೈ ಮಾಡಿದರು.

ಸಿದ್ದವ್ವ ಬಂದು ನೋಡಿದರು. "ಈ ತುದಿ, ಆ ತುದಿ ಮತ್ತ ಸಾರಸ್ಬೇಕು, ಸಾವಕಾರ್ರ."

"ಎಷ್ಟೊತ್ತ ಆಗ್ತೈತಿ?"

"ನೆಲ ಹೇಳಿದಷ್ಟೊತ್ತು."

ಅವರು ಮತ್ತೆ ಮೊಣಕಾಲೂರಿ ಸಾರಿಸಿದರು. ಇಪ್ಪತ್ತೆರಡು ಜನ ಬಿಸಿಲಲ್ಲಿ ನಿಂತು ಸಗಣಿ ಆರುವುದನ್ನು ಕಾದರು. ಸಿದ್ದವ್ವ ಬೆರಳಿನ ಬೆನ್ನಿಂದ ನೆಲ ಮುಟ್ಟಿ ನೋಡುತ್ತಾರೆ. ತಂಪು ತಾಗಬೇಕು, ಸಗಣಿ ಅಂಟಬಾರದು. ಆಗ ಹಾಕಿದ ಪುಡಿಯನ್ನು ನೆಲ ಹಿಡಿದುಕೊಳ್ಳುತ್ತದೆ. ಮೂರನೆಯ ಸಲ ಮುಟ್ಟಿದಾಗ ತಲೆ ಆಡಿಸಿದರು. ಸೆರಗಿನಿಂದ ಹಗ್ಗ ತೆಗೆದು, ಒಂದು ತುದಿಯ ಮೇಲೆ ಕಲ್ಲಿಟ್ಟರು.

ಪರಮಾನಂದ ಬಂದು ಆ ಕಲ್ಲನ್ನು ಪಕ್ಕಕ್ಕೆ ಸರಿಸಿ, ತುದಿ ಹಿಡಿದು ಕುಕ್ಕರಗಾಲಲ್ಲಿ ಕುಳಿತರು.

"ಬಿಗಿ ಹಿಡೀರಿ," ಎಂದರು ಸಿದ್ದವ್ವ. "ಅವ್ರು ಹಂಗ ಹಿಡೀತಿದ್ರು."

ಬೆರಳ ಸಂದಿಯಿಂದ ಪುಡಿ ಇಳಿಯಿತು. ಹಗ್ಗ ತೆಗೆದ ಮೇಲೆ ಗೆರೆ ಉಳಿಯಿತು.

ಸಿಂದಗಿ ಒಂಬತ್ತು ರನ್ನಿನಿಂದ ಸೋತಿತು. ಇದು ಮೂರನೆಯ ಸೋಲು. ಮೈದಾನದ ಅಂಚಿನಲ್ಲಿದ್ದ ಕೆಲವರು ಬೇವಿನ ಗಿಡದ ಕಡೆ ನೋಡಿದರು. ಸಿದ್ದವ್ವ ಹಗ್ಗ ಸುತ್ತುತ್ತಿದ್ದರು. ಸುತ್ತುವುದನ್ನು ನಿಲ್ಲಿಸಲಿಲ್ಲ.

ಪರಮಾನಂದ ಆ ಜನರನ್ನು ದಾಟಿ ಬಂದರು. ಮೊಣಕಾಲಿಗೆ ಒಣಗಿದ ಸಗಣಿ ಹಾಗೇ ಇತ್ತು.

"ಅವ್ರ ಹುಡುಗನ ಕ್ಯಾಚ್ ನಾನ ಬಿಟ್ಟೆ, ಅಕ್ಕಾ," ಎಂದರು, ಎಲ್ಲರಿಗೂ ಕೇಳುವಂತೆ. "ಅವ ಮುಂದ ನಲವತ್ತು ಹೊಡ್ದ." ಆಮೇಲೆ, "ಬರೂ ಐತಾರ ಇಂಡಿಯವ್ರು ಬರ್ತಾರ. ರಂಗೋಲಿ ಎಷ್ಟು ತರ್ಲಿ?"

"ಒಂದು ಸೇರು ಸಾಕು. ಕಣಕಣ ಇರಬೇಕು, ಹಿಟ್ಟಿನಂಗ ಬ್ಯಾಡ. ಹಿಟ್ಟು ಗಾಳಿಗಿ ಹಾರ್ತೈತಿ."

ಎಲ್ಲರೂ ಹೋದ ಮೇಲೆ ಸಿದ್ದವ್ವ ಖಾಲಿ ಬಕೀಟಿನಲ್ಲಿ ಹಗ್ಗ ಹಾಕಿಕೊಂಡು ಮೈದಾನದ ನಡುವೆ ಒಮ್ಮೆ ನಿಲ್ಲುತ್ತಾರೆ. ಸಾರಣೆ ಕಿತ್ತು ಎದ್ದಿದೆ. ಬೆಳಗಿನ ಗೆರೆಗಳಲ್ಲಿ ಅಲ್ಲೊಂದು ಇಲ್ಲೊಂದು ಬಿಳಿ ಚೂರು ಮಾತ್ರ ಉಳಿದಿದೆ. ಇಷ್ಟು ಕಷ್ಟಪಟ್ಟು ಹಾಕಿದ್ದು ಒಂದು ದಿನವೂ ಉಳಿಯಲಿಲ್ಲವಲ್ಲ ಎಂದು ನಾನು ಅಂದರೆ, ಮಗುವಿಗೆ ತಿಳಿಸಿ ಹೇಳುವ ದನಿಯಲ್ಲಿ ಹೇಳುತ್ತಾರೆ:

"ಅವ್ರು ತುಳೀಲಿ ಅಂತನ ಹಾಕೂದು ರಿ ಬಾಯಾರ. ಸಂಜೀಕ ಅಳಿಸಿದ್ರ ಅಳಿಸ್ಲಿ. ಮುಂಜಾನೆ ನೆಲ ಖಾಲಿ ಇರಬಾರದು, ಅಷ್ಟ."