ಹಚ್ಚೊಳ್ಳಿ ದವಾಖಾನೆಯ ಬೀಗ

ಹಚ್ಚೊಳ್ಳಿಯ ಕಂಪೌಂಡರ್ ದೊಡ್ಡಬಸವರಾಜನನ್ನು ಊರವರು ದೊಡ್ಡಬಸಣ್ಣ ಎನ್ನುತ್ತಾರೆ. ಇಪ್ಪತ್ತೆಂಟು ವರ್ಷ ಒಂದೇ ದವಾಖಾನೆಯಲ್ಲಿ, ಒಬ್ಬರೇ ಡಾಕ್ಟರ ಕೈಕೆಳಗೆ ಗಾಯ ತೊಳೆದು ಪಟ್ಟಿ ಕಟ್ಟಿದವನು. ಅವನ ಕೈ ಹಗುರ ಎಂದು ಊರೆಲ್ಲ ಹೇಳುತ್ತದೆ, ನಾನೂ ಹೇಳುತ್ತೇನೆ. ಟ್ರ್ಯಾಕ್ಟರಿನ ಟ್ರೇಲರಿಗೆ ಸಿಕ್ಕಿ ನನ್ನ ಹೆಬ್ಬೆರಳು ಜಜ್ಜಿಹೋದಾಗ ಹೊಲಿಗೆ ಹಾಕಿದ್ದು ಡಾಕ್ಟರು. ಹದಿನೈದು ದಿನ ನೋವಾಗದಂತೆ ಪಟ್ಟಿ ಬಿಚ್ಚಿ ಕಟ್ಟಿದ್ದು ಅವನು. ಆದರೆ ಕೈ ಹಗುರ ಇರುವುದೇ ಬೇರೆ, ವೈದ್ಯ ಗೊತ್ತಿರುವುದೇ ಬೇರೆ. ಇಷ್ಟು ಸಣ್ಣ ಮಾತು ನಮ್ಮೂರಿಗೆ ತಿಳಿಯಲು ಒಂದು ಕಾಲು ಹೋಗಬೇಕಾಯಿತು.

ಡಾಕ್ಟರೆಂದರೆ ವೆಂಕಟೇಶ ಅವರು. ಬಳ್ಳಾರಿಯ ಬ್ರೂಸ್‌ಪೇಟೆಯ ಮನೆಯಿಂದ ಮೊದಲ ಬಸ್ಸಿಗೆ ಹೊರಟು, ಸಿರುಗುಪ್ಪದಲ್ಲಿ ಬಸ್ಸು ಬದಲಿಸಿ ಬರುತ್ತಿದ್ದರು. ಏಕಾದಶಿಯ ದಿನ ತೊಟ್ಟು ನೀರೂ ಕುಡಿಯದೆ ಅರವತ್ತು ಜನರನ್ನು ನೋಡಿ, "ಬಸಣ್ಣ, ಇನ್ನ ಯಾರರ ಇದ್ದಾರೇನು ನೋಡು" ಎನ್ನುತ್ತಿದ್ದ ಮನುಷ್ಯ. ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ಬಸ್ಸು ಬಂತು, ಅವರು ಬರಲಿಲ್ಲ. ಮನೆಯಲ್ಲೇ ಎದೆನೋವು ಬಂದು ತೀರಿಕೊಂಡಿದ್ದರು.

ದವಾಖಾನೆ ನಡೆಸಲು ಸರ್ಕಾರ ಕೊಡುವ ನೋಂದಣಿ ಪತ್ರ, ಊರಿನ ಬಾಯಲ್ಲಿ ಲೈಸೆನ್ಸು, ಬಾಗಿಲ ಪಕ್ಕದ ಗೋಡೆಯಲ್ಲಿತ್ತು. ದೊಡ್ಡಬಸಣ್ಣ ಅದರ ಮಗ್ಗುಲಿಗೇ ಡಾಕ್ಟರ ಫೋಟೋ ತೂಗುಹಾಕಿ ಗಂಧದ ಹಾರ ಹಾಕಿದ. ದಿನಾ ಬೆಳಿಗ್ಗೆ ಗಾಜು ಒರೆಸಿ ಮೂರು ಬೆರಳು ವಿಭೂತಿ ಎಳೆಯುತ್ತಿದ್ದ. ಅಂಗಾರ ಅಕ್ಷತೆಯಿಲ್ಲದೆ ಹೊರಗೆ ಬೀಳದಿದ್ದ ವೈಷ್ಣವರ ಹಣೆಗೆ ವಿಭೂತಿ! ಡಾಕ್ಟರ ಹೆಂಡತಿ ಇಂದಿರಾಬಾಯಿ ಒಮ್ಮೆ ಬಂದವರು ಅದನ್ನು ನೋಡಿ ನಕ್ಕರು, ನಗುತ್ತಲೇ ಅತ್ತರು. "ಇರ್ಲಿ ಬಿಡ್ರಿ, ಹಚ್ಚಿದವರು ಯಾರು ಅಂತ ಅವರಿಗೆ ಗೊತ್ತಾಗ್ತದ. ಗಾಯ ತೊಳಿಯೋದು ಮಾತ್ರ ನಿಲ್ಲಿಸಬ್ಯಾಡ್ರಿ" ಎಂದು ಬೀಗದ ಕೈ ಅವನಲ್ಲೇ ಬಿಟ್ಟು ಹೋದರು.

ಆ ಒಳ್ಳೆಯ ಮಾತೇ ಮುಳುವಾಯಿತು. "ಲೈಸೆನ್ಸಿನ ತಾರೀಕು ಇನ್ನಾ ಮೂರು ವರ್ಷ ಐತಿ ಸಾರ್" ಎಂದು ದೊಡ್ಡಬಸಣ್ಣ ನನಗೇ ಹೇಳಿದ್ದ. ಆ ಪತ್ರ ಗೋಡೆಗೆ ಕೊಟ್ಟದ್ದಲ್ಲ, ಒಳಗೆ ಕೂರುವ ಡಾಕ್ಟರಿಗೆ ಕೊಟ್ಟದ್ದು ಎಂಬುದು ಅವನಿಗೆ ಹೊಳೆಯಲೇ ಇಲ್ಲ. ಸಾಲಿ ಮೇಷ್ಟ್ರಾದ ನನಗೆ ಹೊಳೆದಿತ್ತು, ಬಾಯಿ ಮುಚ್ಚಿಕೊಂಡಿದ್ದೆ. ನನ್ನ ಬಿ.ಪಿ. ನೋಡುವವರು ಕೈಯಳತೆಯಲ್ಲಿ ಬೇಕಿತ್ತಲ್ಲ! ಅವನು ಮಾತ್ರ ಸೂಜಿ ಮುಟ್ಟಲಿಲ್ಲ, ಗುಳಿಗೆ ಕೊಡಲಿಲ್ಲ, ಡಾಕ್ಟರ ಕುರ್ಚಿಯಲ್ಲಿ ಒಂದು ದಿನವೂ ಕೂರಲಿಲ್ಲ. ಬೆಂಚಿನ ಮೇಲೆ ಕೂತು ಗಾಯ ತೊಳೆಯುತ್ತಿದ್ದ, ಬಿ.ಪಿ. ನೋಡುತ್ತಿದ್ದ, ಅಷ್ಟೇ.

ಜಂಬಮ್ಮ ಬಂದದ್ದು ಆಗ. ಭತ್ತದ ಗದ್ದೆಯಲ್ಲಿ ನಾಟಿ ಮಾಡುವ ಹೆಂಗಸು, ಸಕ್ಕರೆ ಕಾಯಿಲೆ, ಕಾಲಿನ ಹೆಬ್ಬೆರಳಿಗೆ ಮುಳ್ಳು ಚುಚ್ಚಿತ್ತು. ನಲವತ್ತು ದಿನ ಇವನು ಪಟ್ಟಿ ಕಟ್ಟಿದ. ಬೆರಳು ಕಪ್ಪಾದಾಗ "ಬಳ್ಳಾರಿಗೆ ಹೋಗಿ ತೋರ್ಸು ಯಮ್ಮಾ" ಎಂದು ಎರಡು ಸಲ ಹೇಳಿದ. "ನೀನ ಕಟ್ಟಪಾ, ನಿನ್ನ ಕೈಯಾಗ ವಾಸಿ ಆಗ್ತೈತಿ" ಎಂದಳು. ಇವನು ಕಟ್ಟಿದ. ಡಾಕ್ಟರಾಗಿದ್ದರೆ ಆ ಕಪ್ಪು ಕಂಡ ದಿನವೇ ಬೈದು ಬಸ್ಸು ಹತ್ತಿಸುತ್ತಿದ್ದರು. ಕೊನೆಗೆ ಬಳ್ಳಾರಿಯಲ್ಲಿ ಮೊಣಕಾಲ ಕೆಳಗೆ ತೆಗೆಯಬೇಕಾಯಿತು. ಊರಿಗೆ ಬಂದವಳು ಇವನ ಕೈ ಹಿಡಿದು, "ನೀ ಇಲ್ದಿದ್ರ ಜೀವಾನೇ ಹೋಗ್ತಿತ್ತು ನೋಡಪಾ" ಎಂದಳು. ಬೈದಿದ್ದರೆ ಅವನು ತಡೆದುಕೊಳ್ಳುತ್ತಿದ್ದನೇನೋ.

ಅವತ್ತೇ ದವಾಖಾನೆಗೆ ಬೀಗ ಹಾಕಿದ. ಮೂರನೆಯ ದಿನ ಕುಡುಗೋಲು ತಗುಲಿದ ಕೈ ಹಿಡಿದುಕೊಂಡು ಯಾರೋ ಮನೆಗೇ ಬಂದರು, ಬೀಗ ತೆಗೆದ. ಮತ್ತೆ ಹಾಕಿದ, ಮತ್ತೆ ತೆಗೆಸಿದರು. ಕುರುಗೋಡಿಗೆ ಹೋಗಿ ಅಲ್ಲಿನ ಒಬ್ಬ ಡಾಕ್ಟರನ್ನು ಕರೆದು ನೋಡಿದ. ಆತ, "ನಾ ಬರಾಕ ಆಗಲ್ಲ, ಬೇಕಾದ್ರ ನನ್ನ ಹೆಸರಿನ ಬೋರ್ಡು ಹಾಕ್ಕೋ, ಲೈಸೆನ್ಸ್ ಮಾಡಿಸಿ ಕೊಡ್ತೀನಿ" ಎಂದನಂತೆ. "ಬೋರ್ಡು ಗಾಯ ನೋಡ್ತೈತೇನ್ ಸಾರ್?" ಎಂದು ದೊಡ್ಡಬಸಣ್ಣ ನನ್ನನ್ನು ಕೇಳಿದ.

ಒಂದು ವಾರದ ಮೇಲೆ ಬಿಳಿ ಹಾಳೆ ತಂದು ಕೊಟ್ಟ. "ಬಳ್ಳಾರಿಯ ಆರೋಗ್ಯ ಇಲಾಖೆಗೆ ಒಂದು ಅರ್ಜಿ ಬರ್ಕೊಡ್ರಿ."

ಲೈಸೆನ್ಸು ಉಳಿಸಿಕೊಳ್ಳುವ ಅರ್ಜಿ ಇರಬೇಕೆಂದು ಪೆನ್ನು ತೆಗೆದೆ. ಅವನು ನೆಲ ನೋಡುತ್ತ ಹೇಳಿದ: "ಹಚ್ಚೊಳ್ಳಿಯಾಗ ಡಾಕ್ಟ್ರು ಇಲ್ದಂಗ ಒಂದು ದವಾಖಾನಿ ನಡದೈತಿ. ಬಂದು ಮುಚ್ಚಿಸ್ರಿ. ಇಷ್ಟ ಬರೀರಿ. ಹೆಸರು ಹಾಕಬ್ಯಾಡ್ರಿ."

"ಹುಚ್ಚು ಹಿಡದೈತೇನೋ ನಿನಗ? ನೀನ ಮುಚ್ಚಿದ್ರ ಮುಗೀತಲ್ಲ!" ನಾನು ರೇಗಿದೆ.

"ನಾ ಬೀಗ ಹಾಕಿದ್ರ ಮಂದಿ ತೆಗಿಸ್ತಾರ ಸಾರ್, ನನಗ ಇಲ್ಲ ಅನ್ನಾಕ ಬರಾಂಗಿಲ್ಲ. ಸರ್ಕಾರ ಹಾಕಿದ್ರ ಯಾರೂ ತೆಗಿಸಾಂಗಿಲ್ಲ."

ಬರೆದುಕೊಟ್ಟೆ. ನನ್ನ ಬದುಕಿನಲ್ಲಿ ಅಷ್ಟು ಕೆಟ್ಟ ಅರ್ಜಿ ಇನ್ನೊಂದು ಬರೆದಿಲ್ಲ.

ಇಪ್ಪತ್ತು ದಿನಕ್ಕೆ ಜೀಪು ಬಂತು. ತಂಡದ ಮುಂದಾಳು ಶ್ರೀಕೃತಿ ಎಂಬ ಎಳೆಯ ಡಾಕ್ಟರಮ್ಮ. "ಡಾಕ್ಟರು ಎಲ್ಲಿ?" ಎಂದರು. ದೊಡ್ಡಬಸಣ್ಣ ಗೋಡೆಯತ್ತ ಕೈ ತೋರಿಸಿದ. ಆಕೆ ಹಾರ ನೋಡಿದರು, ವಿಭೂತಿ ನೋಡಿದರು, ಪಕ್ಕದ ಪತ್ರದ ಹೆಸರು ಓದಿದರು.

"ಅವರು ಹೋದ ದಿನವೇ ಈ ಪತ್ರವೂ ಹೋಯ್ತು ಯಜಮಾನ್ರೇ."

"ಹೌದ್ರಿ ಯಮ್ಮಾ. ತಡವಾಗಿ ತಿಳೀತು." ನೋಟಿಸಿಗೆ ಸಹಿ ಹಾಕಿದ. ಡಾಕ್ಟರ ಫೋಟೋ ಒಂದನ್ನಷ್ಟೇ ಕೇಳಿದ. ಆಕೆ ತಾವೇ ಇಳಿಸಿ ಕೊಟ್ಟರು. ಆಮೇಲೆ ಬೀಗಕ್ಕೆ ಬಟ್ಟೆ ಸುತ್ತಿ ಅರಗಿನ ಮುದ್ರೆ ಒತ್ತಿದರು.

ಜೀಪು ಹೋದ ಮೇಲೆ ಊರಿಗೆ ಬಾಯಿ ಬಂತು. ಎಲ್ಲರಿಗಿಂತ ಜೋರು ಜಂಬಮ್ಮನದು. ಊರುಗೋಲು ಕುಟ್ಟುತ್ತ ಬಂದು ದವಾಖಾನೆಯ ಕಟ್ಟೆಯ ಮೇಲೆ ಕೂತಳು. "ಯಾವನೋ ಅರ್ಜಿ ಹಾಕ್ಯಾನಂತ! ಅವನ ಕೈ ಸೇದಿ ಹೋಗ್ಲಿ! ಅವನ ಗಾಯ ತೊಳಿಯಾಕ ಒಂದು ನರಪಿಳ್ಳಿ ಇಲ್ದಂಗ ಆಗ್ಲಿ!"

ಬರೆದ ಕೈಯನ್ನು ನಾನು ಜೇಬಿಗೆ ಹಾಕಿಕೊಂಡೆ. ದೊಡ್ಡಬಸಣ್ಣ ಫೋಟೋ ಎದೆಗವಚಿಕೊಂಡು ಎಲ್ಲ ಕೇಳಿದ. ಅವಳ ಮೋಟುಗಾಲಿನ ಪಟ್ಟಿ ಸಡಿಲಾಗಿ ಜೋತುಬಿದ್ದಿತ್ತು. ಅವನು ಫೋಟೋ ಕಟ್ಟೆಗೆ ಒರಗಿಸಿ ಅವಳ ಮುಂದೆ ಕುಕ್ಕರುಗಾಲಲ್ಲಿ ಕೂತ. ಕೈ ರೂಢಿಯಂತೆ ಪಟ್ಟಿಯ ತನಕ ಹೋಯಿತು, ಹೋಗಿ ಹಿಂದಕ್ಕೆ ಬಂತು.

"ನಾಳೆ ಮೊದಲನೇ ಬಸ್ಸಿಗೆ ಬಳ್ಳಾರಿಗೆ ನಾನ ಕರ್ಕಂಡು ಹೋಗ್ತೀನಿ ಯಮ್ಮಾ. ಇದನ್ನ ನಾ ಮುಟ್ಟಾಂಗಿಲ್ಲ."

ಕಾಲು ಹೋದಾಗಲೂ ಅಳದಿದ್ದ ಜಂಬಮ್ಮ ಆಗ ಅತ್ತಳು. "ನೀನೂ ಕೈ ಬಿಟ್ಟೇನೋ ಬಸಣ್ಣಾ?" ಎಂದಳು.