ತೋಟಾ ತುಂಬಿದ ಪೂಜೆ

ಉಚ್ಚಂಗಿದುರ್ಗದ ಬೆಟ್ಟದ ಕೆಳಗೆ ಆರೆಕರೆ ಮೆಕ್ಕೆಜೋಳ ಬೆಳೆಯುವ ಗುರುಸಂಗಪ್ಪನಿಗೆ ಹೆಂಡತಿ ಕಲ್ಯಾಣಮ್ಮ ಎರಡನೆಯವಳು. ಮೊದಲನೆಯದು ಬಂದೂಕು. ಬೆಳೆ ಕಾಯಲೆಂದು ಅವನಪ್ಪ ಲೈಸೆನ್ಸ್ ಪಡೆದು ಇಟ್ಟುಕೊಂಡಿದ್ದ ಒಂಟಿ ನಳಿಗೆಯ ಆ ಬಂದೂಕು ಅಪ್ಪನ ನಂತರ ಮಗನ ಹೆಸರಿಗೆ ಬಂತು. ಅಪ್ಪನ ಬುದ್ಧಿ ಮಾತ್ರ ಅಪ್ಪನ ಜೊತೆಗೇ ಮಣ್ಣಾಯಿತು.

ಇಪ್ಪತ್ತೆರಡು ವರ್ಷದಲ್ಲಿ ಗುರುಸಂಗಪ್ಪ ಹೊಡೆದುರುಳಿಸಿದ್ದು ಸ್ವಂತ ನೀರಿನ ಟ್ಯಾಂಕು ಒಂದನ್ನು, ಹೊಲದ ಬೆದರುಬೊಂಬೆ ಒಂದನ್ನು. ಕಾಡುಹಂದಿಗಳಿಗೆ ಅವನ ಮೇಲೆ ಎಷ್ಟು ನಂಬಿಕೆಯೆಂದರೆ, ಗುಂಡಿನ ಸದ್ದು ಕೇಳಿದರೆ ಊಟದ ಗಂಟೆ ಬಾರಿಸಿತೆಂದು ಮರಿಗಳನ್ನು ಎಬ್ಬಿಸಿಕೊಂಡು ಬರುತ್ತಿದ್ದವು. ಕೂಡ್ಲಿಗಿ ಕಡೆಯ ಬೀಗರಿಗೂ ಹೇಳಿಕಳಿಸುತ್ತಿದ್ದವು. ಆದರೂ ಕ್ಷೌರಕ್ಕೆ ಹೋಗಲಿ, ಹಾಲು ಹಾಕಲು ಹೋಗಲಿ, ಅವನ ಹೆಗಲ ಮೇಲೆ ಬಂದೂಕು.

"ಬಂದೂಕಿಲ್ಲದ ಗಂಡಸು ಕೋಡಿಲ್ಲದ ಟಗರು, ಲೇ ಗಾಳೆಪ್ಪ" ಎಂದ ಒಮ್ಮೆ ಚಹಾದಂಗಡಿಯಲ್ಲಿ.

ಗಾಳೆಪ್ಪ ಒಂದು ಕೋಲು, ಎರಡು ನಾಯಿ ಇಟ್ಟುಕೊಂಡು ಮುನ್ನೂರು ಕುರಿ ಕಾಯುವವನು. "ಕೋಡಿರೋ ಟಗರನ್ನ ನಾವು ಹಗ್ಗ ಹಾಕಿ ಕಟ್ತೀವ್ರಿ ಸಾವ್ಕಾರ್ರ. ನಿಮ್ಮದು ಬಿಟ್ಟ ಐತಿ."

ಕಲ್ಯಾಣಮ್ಮನದೂ ಅದೇ ತಕರಾರು. ಈ ಮನುಷ್ಯನ ಕೈಯಲ್ಲಿ ಹಂದಿ ಸಾಯುವುದಿಲ್ಲ, ಒಂದು ದಿನ ಯಾರೋ ಪಾಪದವರು ಸಾಯುತ್ತಾರೆ ಎಂಬ ಭಯ ಅವಳ ಎದೆಯಲ್ಲಿ ಕೂತಿತ್ತು.

"ಬಂದೂಕು ಟ್ರಂಕಿನ್ಯಾಗ ಇಡ್ರಿ, ತೋಟಾ ಬ್ಯಾರೆ ಕಡಿ ಇಡ್ರಿ, ಚಾವಿ ನನ್ನ ಕಡಿ ಕೊಡ್ರಿ."

"ಹಂದಿ ಬಂದ್ರ ಚಾವಿ ಎಸೀಲೇನು?"

"ಎಸೀರಿ. ಅದಾದ್ರೂ ತಗಲೀತು."

ಈ ಸಲದ ಆಯುಧಪೂಜೆಗೆ ಟ್ರ್ಯಾಕ್ಟರು, ಕುಡುಗೋಲು, ಈಳಿಗೆಮಣೆಗಳ ನಡುವೆ ಬಂದೂಕು ಮೆರೆಯುತ್ತ ಕೂತಿತು. ಅದರೊಳಗೆ ಗುಂಡಿನ ತೋಟಾ ತುಂಬಿ, ಹಿಂದಿನ ಸುತ್ತಿಗೆ ಎಳೆದು ನಿಲ್ಲಿಸಿ, ಹಾರಿಸಲು ಸಿದ್ಧ ಮಾಡಿದ ಗುರುಸಂಗಪ್ಪ.

"ರೀ, ಅದನ್ನ ಯಾಕ ತುಂಬಿದ್ರಿ?"

"ಖಾಲಿ ಬಂದೂಕಿಗೆ ಪೂಜಿ ಮಾಡೋದು ದೇವ್ರಿಗೆ ಖಾಲಿ ಎಡಿ ಇಟ್ಟಂಗ. ನಿನಗ ಶಾಸ್ತ್ರ ಗೊತ್ತಿಲ್ಲ, ಸುಮ್ನಿರು."

ಅವನ ಶಾಸ್ತ್ರ ಅಲ್ಲಿಗೇ ನಿಲ್ಲಲಿಲ್ಲ. ಚೆಂಡುಹೂವಿನ ಸರವನ್ನು ನಳಿಗೆಗೆ ಸುತ್ತಿದ, ಕೆಳಗೂ ಸುತ್ತಿದ, ಸಡಿಲವಾಯಿತೆಂದು ಜಗ್ಗಿ ಗಂಟು ಹಾಕಿದ. ಆ ದಾರ ಸಿಕ್ಕಿಕೊಂಡಿದ್ದದ್ದು ಬಂದೂಕಿನ ಟ್ರಿಗರಿಗೆ.

ಢಂ!

ಗುಡ್ಡವೇ ಒಂದು ಗೇಣು ಆಚೆ ಸರಿದು ಕೂತಿತು. ಹೊಗೆ ಕರಗಿದಾಗ ತಲೆಬಾಗಿಲಿನ ಚೌಕಟ್ಟು ಜರಡಿಯಾಗಿತ್ತು. ಅದರ ಕೆಳಗೆ, ಪ್ರಸಾದಕ್ಕೆಂದು ಬಂದು ಹೊಸ್ತಿಲ ಹೊರಗೆ ಕೂತಿದ್ದ ಗಾಳೆಪ್ಪನ ಹೆಂಡತಿ ಮೈಲಮ್ಮ. ಕಲ್ಯಾಣಮ್ಮ ಓಡಿಹೋಗಿ ಅವಳ ತಲೆ, ಕುತ್ತಿಗೆ, ಭುಜ ತಡವಿದಳು. ಕೈಗೆ ರಕ್ತ ಅಂಟಲಿಲ್ಲ. ಮರದ ಚಕ್ಕೆ ಅಂಟಿದವು. ಒಂದು ಗೇಣು ಕೆಳಗಾಗಿದ್ದರೆ?

"ನೋಡಿದಿ?" ಎಂದ ಗುರುಸಂಗಪ್ಪ, ಮೀಸೆಯ ಮೇಲಿನ ಮಸಿ ಒರೆಸಿಕೊಳ್ಳುತ್ತ. "ತೋಟಾ ಮೂರು ವರ್ಷದ್ದು. ಇನ್ನೂ ಕೆಟ್ಟಿಲ್ಲ!"

ಮೈಲಮ್ಮನಿಗೆ ಆಗ ಬಾಯಿ ಬಂತು. "ಸಾವ್ಕಾರ್ರ, ಮುಂದಿನ ವರ್ಷ ನಾನು ಹಂದಿ ವೇಷ ಹಾಕ್ಕೊಂಡು ಬರ್ತೀನ್ರಿ. ನಿಮ್ಮ ಕೈಯಾಗ ಬದುಕೋ ದಾರಿ ಅದೊಂದ."

ಕಲ್ಯಾಣಮ್ಮ ನಗಲಿಲ್ಲ. ಬಂದೂಕಿನ ಹೂವು ಕಿತ್ತೆಸೆದಳು. "ನಡೀರಿ ಠಾಣಿಗಿ."

"ಹಬ್ಬದ ದಿನ?"

"ಹೆಣಾ ಎತ್ತೋ ದಿನ ಆಗ್ತಿತ್ತು. ಲೈಸನ್ಸು ನಿಮ್ಮ ಹೆಸರಿನ್ಯಾಗ ಐತಿ, ನೀವ ಹೊರ್ರಿ. ನಾನು ಹಿಂದ ಬರ್ತೀನಿ. ಮೈಲಮ್ಮಾ, ನೀನೂ ಬಾ."

ಕುಂಕುಮ, ವಿಭೂತಿ ಬಳಿದ ಬಂದೂಕು ಹೊತ್ತು ಮುಂದೆ ಅವನು, ಹಿಂದೆ ಇಬ್ಬರು ಹೆಂಗಸರು. ಇಪ್ಪತ್ತೆರಡು ವರ್ಷ ಅವನ ಹೆಗಲೇರಿದ್ದ ಬಂದೂಕು ಅಂದು ಮೊದಲ ಸಲ ಭಾರವಾಯಿತು.

ಠಾಣೆಯಲ್ಲಿ ಪೇದೆ ಪೆನ್ನು ತೆಗೆದ. "ಯಾಕ ಒಪ್ಪಿಸ್ತೀರಿ? ಕಾರಣ ಬರೀಬೇಕು."

ಗುರುಸಂಗಪ್ಪ ಗಂಟಲು ಸರಿಮಾಡಿಕೊಂಡ. "ನಮ್ಮ ಕಡಿ ಹಂದಿ ಕಾಟ ಮುಗೀತ್ರಿ. ಎಲ್ಲಾನೂ ಹೊಡದು ಓಡಿಸೀನಿ."

"ಸುಳ್ಳ್ರಿ" ಎಂದಳು ಕಲ್ಯಾಣಮ್ಮ. "ಹಂದಿ ಅದಾವ್ರಿ, ಬಂದೂಕೂ ಐತಿ. ಅದನ್ನ ಹಿಡಿಯೋ ಮನುಷ್ಯಾ ನಮ್ಮನ್ಯಾಗ ಇಲ್ಲ ಅಂತ ಬರ್ಕೊಳ್ರಿ."

ಪೇದೆ ಗುರುಸಂಗಪ್ಪನ ಮುಖ ನೋಡಿದ, ಚೌಕಟ್ಟಿನ ಚಕ್ಕೆ ಇನ್ನೂ ತಲೆಯಲ್ಲೇ ಇದ್ದ ಮೈಲಮ್ಮನನ್ನು ನೋಡಿದ. ಹಾಗೆಯೇ ಬರೆದುಕೊಂಡ.

ಕೆಳಗೆ ರುಜು ಹಾಕಿದವನು ಗುರುಸಂಗಪ್ಪನೇ.